ಮೂಲದಲ್ಲಿಲ್ಲದ ಹೆಂಗಸು

ಎಲ್ಲ ಮುಗಿದು, ಬಂದವರೆಲ್ಲ ಅವರವರ ಮನೆಗೆ ಹೋದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ ಹಾಲು ಉಕ್ಕಿತು. ಅವಳು ಎದುರಿಗೇ ನಿಂತಿದ್ದಳು. ಉಕ್ಕುತ್ತಿರುವುದು ಕಂಡಿತು. ಒಲೆ ಆರಿಸಬೇಕೆಂಬುದು ಮಾತ್ರ ಹೊಳೆಯಲಿಲ್ಲ.

"ಹಾಲು ಉಕ್ತಿದೆ ಅತ್ತೆ," ಎಂದು ಒಳಗೆ ವರದಿ ಒಪ್ಪಿಸಿದಳು.

ಅತ್ತೆ ಬಂದು ಒಲೆ ಆರಿಸಿದರು. "ಸುದ್ದಿ ಕೊಟ್ಟಿದ್ದು ಒಳ್ಳೇದಾಯ್ತು ಕಣಮ್ಮ. ನಾಳೆ ಪೇಪರಿನಲ್ಲಿ ಓದಬೇಕಾಗಿತ್ತು," ಎಂದರು.

ಅತ್ತೆಯ ಮಗ, ಅವಳ ಗಂಡ, ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಅತ್ತೂ ಅತ್ತೂ ಅತ್ತೆಯ ಕಣ್ಣು ಊದಿಕೊಂಡಿತ್ತು. ಬಾಯಿ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು. ಸೊಸೆಯದು ತಿರುಗಾಮುರುಗಾ: ಕಣ್ಣು ಒಣಗಿತ್ತು, ಬಾಯಿ ಬಿದ್ದುಹೋಗಿತ್ತು. ಜೋಮು ಹಿಡಿದ ಕೈಯನ್ನು ಮುಟ್ಟಿದರೆ ಬೇರೆ ಯಾರದೋ ಕೈ ಮುಟ್ಟಿದ ಹಾಗಿರುತ್ತದಲ್ಲ, ಅವಳಿಗೆ ತಾನಿಡೀ ಹಾಗನ್ನಿಸುತ್ತಿತ್ತು.

ಒಲೆಯ ಸುತ್ತ ಒರೆಸುತ್ತಿರುವಾಗಲೇ ಬಾಗಿಲು ಬಡಿದ ಸದ್ದಾಯಿತು. ಮೇಲಿನ ಮನೆಯ ನಿವೃತ್ತ ನ್ಯಾಯಾಧೀಶರು. ಈ ಮನೆಯ ಮಾಲೀಕರೂ ಅವರೇ.

"ಇಂಥ ಹೊತ್ತಿನಲ್ಲಿ ಕೇಳಬಾರದು," ಎಂದರು. ಕೇಳಬಾರದ್ದನ್ನು ಕೇಳುವವರೆಲ್ಲ ಹೀಗೇ ಶುರು ಮಾಡುತ್ತಾರೆ. "ನಿಮ್ಮ ಯಜಮಾನರು ನನ್ನಿಂದ ಒಂದು ಪುಸ್ತಕ ತೊಗೊಂಡು ಹೋಗಿದ್ರು. ಅವಸರ ಏನಿಲ್ಲ. ಆದ್ರೆ ಕಪಾಟಿನಲ್ಲಿ ಅದರ ಜಾಗ ಖಾಲಿ ಇದೆ, ಪಕ್ಕದವೆಲ್ಲ ವಾಲ್ತಾ ಇವೆ."

ಅವಳಿಗೆ ಹೆಚ್ಚುಕಡಿಮೆ ಸಂತೋಷವೇ ಆಯಿತು. ಇಷ್ಟು ದಿನದಲ್ಲಿ ಎಲ್ಲರೂ ಅವಳಿಂದ ಆಗದ್ದನ್ನೇ ಕೇಳಿದ್ದರು: ಅಳು, ಮಲಗು, ಮರೆತುಬಿಡು. ಪುಸ್ತಕ ಹಿಂದಿರುಗಿಸುವುದು ಆಗುವ ಕೆಲಸ. ಗಂಡನ ಚೀಲದಲ್ಲಿ ಹುಡುಕಿದಳು. ನೀಲಿ ರಟ್ಟಿನ ದಪ್ಪ ಕಾದಂಬರಿ. ಮುಕ್ಕಾಲು ಭಾಗ ದಾಟಿದಲ್ಲಿ ಗುರುತಿಗೆಂದು ಖಾಲಿ ಮಾತ್ರೆಯ ಹಾಳೆಯೊಂದನ್ನು ಸಿಕ್ಕಿಸಿದ್ದ.

ಪುಸ್ತಕ ಹಿಡಿದು ಮೆಟ್ಟಿಲು ಹತ್ತಬೇಕು ಅನ್ನುವಷ್ಟರಲ್ಲಿ ಫೋನು ಬಂತು. ಗಂಡ ಕೆಲಸ ಮಾಡುತ್ತಿದ್ದ ಮಾನಸಿಕ ಆರೋಗ್ಯ ಕೇಂದ್ರದ ಡಾಕ್ಟರಮ್ಮ.

"ಆ ಪುಸ್ತಕ ನಿಮ್ಮ ಹತ್ರ ಇದೆಯಾ?" ಎಂದರು, ಸಾಂತ್ವನದ ನಾಲ್ಕು ಮಾತಿನ ನಂತರ. "ದಯವಿಟ್ಟು ಯಾರಿಗೂ ಕೊಡಬೇಡಿ. ಇಲ್ಲಿ ಎಲ್ಲರೂ ಮಧ್ಯದಲ್ಲಿ ನಿಂತುಬಿಟ್ಟಿದಾರೆ."

ಗಂಡ ಅಲ್ಲಿ ಆಪ್ತಸಮಾಲೋಚಕ. ಹಗಲು ಹೊತ್ತು ಕೇಂದ್ರಕ್ಕೆ ಬಂದಿರುವವರನ್ನು ಒಂದು ಕೋಣೆಯಲ್ಲಿ ಕೂರಿಸಿ ದಿನಾ ಹನ್ನೊಂದಕ್ಕೆ ಕಾದಂಬರಿ ಓದಿ ಹೇಳುತ್ತಿದ್ದ. ಡಾಕ್ಟರಮ್ಮ ಅದನ್ನು ಓದಿನ ಚಿಕಿತ್ಸೆ ಅನ್ನುತ್ತಿದ್ದರು, ಕೇಳುವವರು ಹನ್ನೊಂದರ ಮಾತ್ರೆ ಅನ್ನುತ್ತಿದ್ದರು. ಪುಸ್ತಕವನ್ನು ಓದುವವನೇ ಮನೆಗೆ ಒಯ್ಯಬೇಕೆಂಬುದು ಅಲ್ಲಿಯ ಕಾನೂನು. ಹಿಂದೊಮ್ಮೆ ಕೇಳುವವರಲ್ಲೇ ಒಬ್ಬರಾದ ಡ್ರಾಯಿಂಗ್ ಮೇಷ್ಟ್ರು ಕೇಂದ್ರದ ಕಪಾಟಿನಿಂದ ಪತ್ತೇದಾರಿ ಪುಸ್ತಕ ಎಗರಿಸಿ, ಕೊನೆಯ ಪುಟ ಓದಿ, ಕೊಲೆಗಾರ ಯಾರೆಂದು ಊಟದ ಹೊತ್ತಿನಲ್ಲಿ ಸಾರಿಬಿಟ್ಟಿದ್ದರು. ಅವತ್ತಿನ ರಾದ್ಧಾಂತ ಶಮನವಾಗಲು ಇಬ್ಬರು ನರ್ಸುಗಳು ಬೇಕಾಗಿದ್ದರಂತೆ.

"ನಾಳೆ ತಂದುಕೊಡ್ತೀನಿ," ಎಂದಳು.

"ತಂದುಕೊಟ್ಟರೆ ಸಾಲದು," ಎಂದರು ಡಾಕ್ಟರಮ್ಮ. "ಇಲ್ಲಿ ಓದೋರು ಯಾರೂ ಇಲ್ಲ. ನನ್ನ ಧ್ವನಿ ಕೇಳಿದರೆ ಅವರಿಗೆ ಇಂಜೆಕ್ಷನ್ ನೆನಪಾಗುತ್ತಂತೆ."

ನ್ಯಾಯಾಧೀಶರಿಗೆ ವಿಷಯ ಹೇಳಿದಳು. "ಸರಿ. ವಾಯಿದೆ ಕೊಟ್ಟಿದೀನಿ," ಎಂದರು.

ಮರುದಿನ ಹೋದಳು. ಉದ್ದನೆಯ ಕೋಣೆ, ಒಂದಕ್ಕೊಂದು ಜೋಡಿಯಿಲ್ಲದ ಕುರ್ಚಿಗಳು, ಫಿನಾಯಿಲ್ ವಾಸನೆ. ಕಿಟಕಿಯಾಚೆ ತಂತಿಯ ಮೇಲೆ ಒಣಗಲು ಹಾಕಿದ ಹಾಸಿಗೆ ಬಟ್ಟೆಗಳು. ಗಂಡನ ಕುರ್ಚಿಯ ಮೇಲೆ ಯಾರೂ ಕೂತಿರಲಿಲ್ಲ. ಅವಳಿಗೆ ಅದನ್ನೇ ತೋರಿಸಿದರು. ಮುಂದಿನ ಸಾಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಅವರ ಪಕ್ಕ ಒಬ್ಬ ನಿವೃತ್ತ ಬಸ್ ಕಂಡಕ್ಟರು. ಕಂಡಕ್ಟರನ್ನು ಅಲ್ಲಿ ಎಲ್ಲರೂ ಕರೆಯುವುದು 'ರೈಟ್ ರೈಟ್' ಎಂದೇ. ಅವರು "ರೈಟ್" ಅನ್ನದೆ ಓದು ಹೊರಡುವಂತಿಲ್ಲ, "ಹೋಲ್ಡಾನ್" ಅಂದರೆ ನಿಲ್ಲಲೇಬೇಕು.

"ರೈಟ್," ಎಂದರು ಕಂಡಕ್ಟರು.

ನದಿಯ ದಡದಲ್ಲಿ, ದೋಣಿ ಕಟ್ಟುವ ಜಾಗದ ಪಕ್ಕ, ಒಂದು ಹಳೆಯ ವಸತಿಗೃಹ. ಅದನ್ನು ಮಾರಬೇಕೋ ಬೇಡವೋ ಎಂದು ಮೂವರು ಅಣ್ಣತಮ್ಮಂದಿರು ಜಗಳವಾಡುತ್ತಾರೆ. ಮಾತ್ರೆಯ ಹಾಳೆ ಸಿಕ್ಕಿಸಿದ್ದ ಕಡೆಯಿಂದ ಅವಳು ಸ್ಪಷ್ಟವಾಗಿ, ತಪ್ಪಿಲ್ಲದೆ, ಪಂಚಾಂಗ ಓದಿದ ಹಾಗೆ ಓದಿದಳು. ಎರಡು ಪುಟ ಆಗಿರಬಹುದು.

"ಹೋಲ್ಡಾನ್," ಎಂದರು ಕಂಡಕ್ಟರು. "ಅವಳೆಲ್ಲಿ ಮೇಡಂ?"

"ಯಾರು?"

"ಮೂರನೇ ಕೋಣೆಯಾಕೆ. ಇವರು ಮೂರೂ ಜನ ಮಾಡು ಹಾರಿಹೋಗೋ ಹಾಗೆ ಕಿರುಚ್ತಿದಾರೆ, ಅವಳು ಬಾಗಿಲು ತೆಗೆದು ಒಂದು ಮಾತೂ ಕೇಳಲ್ವಾ? ಅವಳ ಸ್ವಭಾವ ಅಂಥದ್ದಲ್ಲ."

"ಪುಟ ಹಾರಿಸ್ತಿದಾರೆ," ಎಂದರು ಡ್ರಾಯಿಂಗ್ ಮೇಷ್ಟ್ರು, ಕಂಡಕ್ಟರಿಗೆ ಮಾತ್ರ ಎಂಬಂತೆ, ಎಲ್ಲರಿಗೂ ಕೇಳುವಷ್ಟು.

ಅವಳು ಹಿಂದಿನ ಪುಟಗಳನ್ನು ತಿರುವಿದಳು. ಅದು ಅವಳಿಗೆ ಬರುವ ವಿದ್ಯೆ. ವಿಶ್ವವಿದ್ಯಾಲಯದಲ್ಲಿ ಓದಿದ್ದೇ ಗ್ರಂಥ ಸಂಪಾದನೆ: ಒಂದೇ ಕಾವ್ಯದ ಹಳೆಯ ಕೈಬರಹದ ಪ್ರತಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು, ಕವಿ ಬರೆದದ್ದು ಯಾವುದು, ನಕಲು ಮಾಡುತ್ತ ಕೂತವನು ನಡುವೆ ತೂರಿಸಿದ್ದು ಯಾವುದು ಎಂದು ಪತ್ತೆ ಹಚ್ಚುವುದು, ತೂರಿಸಿದ್ದನ್ನು ಹೊರಗೆ ಹಾಕುವುದು. ಸತ್ತವರ ಬಾಯಿಗೆ ಯಾರೋ ತುರುಕಿದ ಮಾತನ್ನು ಚಿಮಟಿಗೆಯಿಂದ ಎತ್ತುವವಳು ಎಂದು ಗಂಡ ಚುಡಾಯಿಸುತ್ತಿದ್ದ.

ಎರಡನೇ ಅಧ್ಯಾಯದಲ್ಲಿ ಒಂದು ವಾಕ್ಯ ಸಿಕ್ಕಿತು: 'ಮಹಡಿಯ ಮೇಲಿನ ಮೂರನೇ ಕೋಣೆಗೆ ಬೀಗ ಹಾಕಿತ್ತು.' ಅಷ್ಟೆ. ಮುಂದೆ ಆ ಕೋಣೆಯ ಸುದ್ದಿಯೇ ಇಲ್ಲ. ಲೇಖಕ ಬೀಗ ಹಾಕಿ ಮರೆತಿದ್ದ. ಹಳೆಯ ಪ್ರತಿಗಳಲ್ಲೂ ಹೀಗೇ. ಎಲ್ಲಿ ಒಂದು ಸಂದು ಕಂಡರೂ ನಕಲುಗಾರನ ಕೈ ತುರಿಸುತ್ತದೆ.

"ಅಂಥ ಹೆಂಗಸು ಈ ಪುಸ್ತಕದಲ್ಲೇ ಇಲ್ಲ," ಎಂದಳು. "ಅದು ಪ್ರಕ್ಷಿಪ್ತ. ಅಂದರೆ ಮೂಲದಲ್ಲಿ ಇಲ್ಲ, ಓದೋರು ಸೇರಿಸಿದ್ದು."

ಹೇಳಿದ ಮೇಲೆ ಒಂದು ಕ್ಷಣ, ಕೈಗೂಡಿದ ಕೆಲಸದ ಹಳೆಯ ತೃಪ್ತಿ ಬಂತು. ಆಮೇಲೆ ಕೋಣೆಯ ಕಡೆ ನೋಡಿದಳು. ಯಾರದೋ ಮನೆಗೆ ಹೋಗಿ ನಿಮ್ಮ ಅಕ್ಕ ಹುಟ್ಟೇ ಇರಲಿಲ್ಲ ಅಂದ ಹಾಗಾಗಿತ್ತು. ಕಿಟಕಿಯ ಬಳಿ, ತೋಳಿಗೆ ದಾರದ ಎಳೆಗಳು ಅಂಟಿಕೊಂಡಿದ್ದ ಒಬ್ಬಾಕೆ ಎದ್ದು, ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಹೊರಗೆ ಹೋದಳು.

ಡಾಕ್ಟರಮ್ಮ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಅವಳು ದರ್ಜಿ," ಎಂದರು. "ಇಲ್ಲಿಗೆ ಬಂದಾಗ ಬಾಯೇ ಬಿಡ್ತಿರಲಿಲ್ಲ. ನಾನು ಕೇಳಿದೆ, ನರ್ಸು ಕೇಳಿದ್ರು, ಏನೂ ಇಲ್ಲ. ಒಂದು ದಿನ ಕಥೆ ಮುಗಿದ ಮೇಲೆ ನಿಮ್ಮ ಯಜಮಾನರನ್ನ ಕೇಳಿದಳು, ಮೂರನೇ ಕೋಣೆಯಾಕೆ ಊಟ ಮಾಡಿದಳಾ ಅಂತ. ಅವತ್ತಿಂದ ಮಾತು ಶುರು. ಆ ಕೋಣೆಯಾಕೆಗೆ ನಿದ್ದೆ ಬರಲ್ಲ ಅಂತಾಳೆ. ಆಕೆಗೆ ಅನ್ನ ಸೇರಲ್ಲ ಅಂತಾಳೆ. ತನಗೆ ಅಂತ ಯಾವತ್ತೂ ಹೇಳಿಲ್ಲ. ನಾನು ಆಕೆಗೆ ಮಾತ್ರೆ ಬರೀತೀನಿ, ಇವಳು ನುಂಗ್ತಾಳೆ. ಚೆನ್ನಾಗಿ ನಡೀತಿತ್ತು."

"ನನಗೆ ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ಲ. ಪುಸ್ತಕದಲ್ಲೇ ಇದಾಳೆ ಅಂದ್ಕೊಂಡಿದ್ದೆ. ಮುಂದಿನ ಸಮ್ಮೇಳನದಲ್ಲಿ ಅವಳ ಬಗ್ಗೆ ಪ್ರಬಂಧ ಓದೋದಿತ್ತು." ಡಾಕ್ಟರಮ್ಮ ಹಣೆ ಉಜ್ಜಿಕೊಂಡರು. "ಅದು ಹೋಗ್ಲಿ. ತಿಂಗಳ ಕೊನೆಗೆ ದರ್ಜಿಯ ಅಣ್ಣ ಬರ್ತಾರೆ. ಒಳ್ಳೇ ಮನುಷ್ಯ, ಆದ್ರೆ ಸೋತುಹೋಗಿದಾರೆ. ತಂಗಿ ಆಗಲೂ ಬಾಯಿ ಬಿಡದೆ ಇದ್ರೆ ದೂರದ ದೊಡ್ಡ ಆಸ್ಪತ್ರೆಗೆ ಸೇರಿಸ್ತೀನಿ ಅಂದಿದಾರೆ. ಅಲ್ಲಿ ಯಾರೂ ಕಥೆ ಓದಲ್ಲ."

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಳು.

"ಅತ್ತೆ, ನಿಮ್ಮ ಮಗ ಒಬ್ಬ ಹೆಂಗಸನ್ನ ಇಟ್ಕೊಂಡಿದ್ರು."

ಅತ್ತೆಯ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು. "ಏನಂದೆ?"

"ಪುಸ್ತಕದಲ್ಲಿ ಅತ್ತೆ. ಮೂರನೇ ಕೋಣೇಲಿ."

"ಪ್ರಾಣ ಹೋಗಿತ್ತಲ್ಲೇ ನನಗೆ," ಎಂದು ಅತ್ತೆ ಪಾತ್ರೆ ಕೆಳಗಿಟ್ಟು ಎದುರಿಗೆ ಕೂತರು. ಪೂರ್ತಿ ಕೇಳಿದ ಮೇಲೆ, "ಚಿಕ್ಕವನಿದ್ದಾಗಲೂ ಹಾಗೇ. ಪಾಠ ಓದೋ ಅಂದ್ರೆ ಎಲ್ಲ ಪಾಠಕ್ಕೂ ಒಂದು ನಾಯಿ ಸೇರಿಸ್ತಿದ್ದ. ಚರಿತ್ರೆ ಪಾಠದಲ್ಲಿ ರಾಜನಿಗಿಂತ ನಾಯಿಗೇ ಜಾಸ್ತಿ ಕೆಲಸ," ಎಂದರು. "ಈಗೇನ್ಮಾಡ್ತೀಯಾ?"

"ಅವರು ಏನೇನು ಸೇರಿಸಿದ್ರು ಅಂತ ಗೊತ್ತಿಲ್ಲ. ಪುಸ್ತಕದಲ್ಲಿ ಒಂದು ಪೆನ್ಸಿಲ್ ಗೆರೆಯೂ ಇಲ್ಲ. ಬಾಯಲ್ಲೇ ಹೇಳಿ ಬಾಯಲ್ಲೇ ಬಿಟ್ಟಿದಾರೆ."

"ಹೇಳಿದೋನು ಇಲ್ಲ ಸರಿ. ಕೇಳಿದೋರು ಇದಾರಲ್ಲ?" ಎಂದರು ಅತ್ತೆ.

ಮರುದಿನ ಓದುವ ಬದಲು ಕೇಳಿದಳು. ಮೂರನೇ ಕೋಣೆಯಾಕೆ ಹೇಗಿದ್ದಳು?

"ಐವತ್ತು ದಾಟಿದೆ," ಎಂದರು ಕಂಡಕ್ಟರು.

"ಮೂವತ್ತೂ ಇಲ್ಲ," ಎಂದರು ಡ್ರಾಯಿಂಗ್ ಮೇಷ್ಟ್ರು. "ಎತ್ತರದ ಹುಡುಗಿ. ಎಡಗಾಲು ಸ್ವಲ್ಪ ಎಳೀತಾಳೆ."

"ಕಾಲು ಸರಿ ಇದೆ ರೀ. ಚಪ್ಪಲಿ ದೊಡ್ಡದು."

"ಬೇರೆಯವರ ಚಪ್ಪಲಿ ಯಾಕೆ ಹಾಕ್ಕೋತಾಳೆ?"

"ನಿಮಗ್ಯಾಕೆ? ಟಿಕೆಟ್ ತೊಗೊಂಡಿದಾಳೆ, ಕೂತಿದಾಳೆ."

ಹಿಂದಿನ ಸಾಲಿನವರೊಬ್ಬರು ಆಕೆ ಹಾಡುತ್ತಾಳೆ ಎಂದರು. ಇನ್ನೊಬ್ಬರು ಅದು ಹಾಡಲ್ಲ, ಗೊಣಗಾಟ ಎಂದು ತಿದ್ದಿದರು. ಪ್ರತಿಗಳು ಹೊಡೆದಾಡತೊಡಗಿದಾಗ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು: ಎಲ್ಲಕ್ಕಿಂತ ನಂಬಿಕೆಯ ಪ್ರತಿ ಯಾವುದೆಂದು ಹುಡುಕಬೇಕು. ಕೇಳಿದಳು. ಎಲ್ಲರೂ ಗೋಡೆಗೆ ಒತ್ತಿಟ್ಟ ಖಾಲಿ ಕುರ್ಚಿಯ ಕಡೆ ನೋಡಿದರು.

"ಅವಳಿಗೆ ಅಕ್ಷರಕ್ಷರ ಗೊತ್ತು," ಎಂದರು ಕಂಡಕ್ಟರು.

ದರ್ಜಿ ಹೊಲಿಗೆ ಕೋಣೆಯಲ್ಲಿ ದಿಂಬಿನ ಕವರುಗಳಿಗೆ ಅಂಚು ಹಾಕುತ್ತಿದ್ದಳು. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತಳು. ಯಂತ್ರ ನಿಲ್ಲಲಿಲ್ಲ.

"ನಿನ್ನೆ ನಾನು ಅರ್ಧ ಮಾತ್ರ ಹೇಳಿದೆ," ಎಂದಳು. "ನಮ್ಮ ಕೆಲಸದಲ್ಲಿ, ಯಾರೋ ಸೇರಿಸಿದ ಭಾಗ ಸಿಕ್ಕಿದರೆ ಅದನ್ನ ಎಸೆಯೋದಿಲ್ಲ. ಪುಟದ ಅಡಿಯಲ್ಲೋ ಪುಸ್ತಕದ ಕೊನೆಗೋ ಇಡ್ತೀವಿ. ಎಸೆಯೋ ಹಕ್ಕು ಯಾರಿಗೂ ಇಲ್ಲ."

ಯಂತ್ರ ಓಡುತ್ತಲೇ ಇತ್ತು. ಒಂದು ಕವರು ಮುಗಿದು ಇನ್ನೊಂದು ಬಂತು. ಸಮಾಧಾನದ ಮಾತು ಅವಳಿಗೆ ಎಂದೂ ಚೆನ್ನಾಗಿ ಬಂದಿರಲಿಲ್ಲ. ತಪ್ಪು ಪಾಠವನ್ನು, ಅಂದರೆ ತಪ್ಪಾಗಿ ನಕಲಾದ ಸಾಲನ್ನು, ಎದುರಿಗಿಟ್ಟರೆ ಮಾತ್ರ ಯಾವ ಪಂಡಿತನೂ ಬಾಯಿ ಮುಚ್ಚಿಕೊಂಡು ಕೂರಲಾರ ಎಂಬುದು ಗೊತ್ತಿತ್ತು.

"ಆಕೆಗೆ ಐವತ್ತು ದಾಟಿದೆಯಂತೆ," ಎಂದಳು.

ಯಂತ್ರ ಸ್ವಲ್ಪ ನಿಧಾನವಾಯಿತು.

"ಕುಂಟ್ತಾಳಂತೆ. ಚೆನ್ನಾಗಿ ಹಾಡ್ತಾಳಂತೆ."

ಸೂಜಿ ಅರ್ಧಕ್ಕೆ ನಿಂತು, ಮತ್ತೆ ಹೊರಟಿತು.

"ತುಂಬ ಸಾಧುವಂತೆ. ಯಾರು ಏನು ಹೇಳಿದ್ರೂ ಹೂಂ ಅಂತಾಳಂತೆ."

ಯಂತ್ರ ನಿಂತಿತು.

"ಯಾರು ಹೇಳಿದ್ದು?" ಎಂದಳು ದರ್ಜಿ. ಬಳಸದ ಬಾಗಿಲು ತೆಗೆದಂತಿತ್ತು ಧ್ವನಿ. "ಅವಳು ಯಾವುದಕ್ಕೂ ಹೂಂ ಅನ್ನಲ್ಲ. ಆಧಾರ ಏನು ಅಂತಾಳೆ."

ಸ್ಟೂಲಿನ ಮೇಲೆ ಕೂತಿದ್ದವಳ ಕಿವಿ ನೆಟ್ಟಗಾಯಿತು.

"ಮಳೆ ಬರ್ತಿದೆ ಅಂದ್ರೂ ಆಧಾರ ಏನು ಅಂತಾಳೆ. ಕಿಟಕಿಯಿಂದ ಕೈ ಹಾಕಿ ನೋಡಿ ಆಮೇಲೆ ಒಪ್ತಾಳೆ. ಎಲ್ಲಿ ಹೋದ್ರೂ ಕೊಡೆ ಮರೀತಾಳೆ. ತರೋಕೆ ವಾಪಸ್ ಹೋಗ್ತಾಳೆ, ಕೊಡೆ ತೊಗೊಂಡು ಕನ್ನಡಕ ಬಿಟ್ಟು ಬರ್ತಾಳೆ. ಹಂಗೇ ಒಂದು ಸಲ ದೋಣಿ ತಪ್ತು. ಒಂದು ರಾತ್ರಿಗೆ ಅಂತ ಉಳಿದಳು, ಇನ್ನೂ ಅಲ್ಲೇ ಇದಾಳೆ. ಅಣ್ಣತಮ್ಮಂದಿರಿಗೆ ಅವಳನ್ನ ಕಳಿಸೋಕೆ ಧೈರ್ಯ ಇಲ್ಲ." ದರ್ಜಿ ದಾರ ಕತ್ತರಿಸಿದಳು. "ಚಪ್ಪಲಿ ಅವಸರದಲ್ಲಿ ಯಾರದ್ದು ಸಿಕ್ಕುತ್ತೋ ಅದು. ಸಿಟ್ಟು ಬಂದ್ರೆ ಜಗಳ ಆಡಲ್ಲ, ಇಸ್ತ್ರಿ ಮಾಡ್ತಾಳೆ. ಮಾಡಿದ್ದನ್ನೇ ಮತ್ತೆ ಮಾಡ್ತಾಳೆ. ಕೈವಸ್ತ್ರಕ್ಕೂ ಮಡಿಕೆ ಹಾಕ್ತಾಳೆ."

ಅವಳು ತನ್ನ ಕಾಲಿನ ಕಡೆ ನೋಡಿಕೊಂಡಳು. ಅತ್ತೆಯ ಚಪ್ಪಲಿ ಹಾಕಿಕೊಂಡು ಬಂದಿದ್ದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಮುಖ ಸುಡುತ್ತಿತ್ತು. ಅಲ್ಲ, ಎಷ್ಟು ಧೈರ್ಯ. ಊರಿನವರನ್ನೆಲ್ಲ ಕೂರಿಸಿಕೊಂಡು, ದಿನಾ ಹನ್ನೊಂದು ಗಂಟೆಗೆ, ಕಟ್ಟಿಕೊಂಡ ಹೆಂಡತಿಯ ಗುಟ್ಟನ್ನೆಲ್ಲ ಹರಾಜು ಹಾಕಿದ್ದಾನೆ. ಇಸ್ತ್ರಿಯ ವಿಷಯವನ್ನೂ ಬಿಟ್ಟಿಲ್ಲ. ಸಂಜೆ ಮನೆಗೆ ಬಂದು ಏನೂ ಗೊತ್ತಿಲ್ಲದವನ ಹಾಗೆ ಊಟಕ್ಕೇನಿದೆ ಅಂತ ಬೇರೆ ಕೇಳುತ್ತಿದ್ದ. ಎದುರಿಗಿದ್ದಿದ್ದರೆ ಸರಿಯಾಗಿ ಶಾಸ್ತಿ ಮಾಡುತ್ತಿದ್ದಳು.

ಒಳಗೆ ಬಂದವಳೇ ಕಪಾಟು ತೆಗೆದು, ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟು, ಅವನ ಅಂಗಿಗಳನ್ನು ಒಂದೊಂದಾಗಿ ತಿಕ್ಕತೊಡಗಿದಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಅದನ್ನ ಯಾರು ಹಾಕ್ಕೋತಾರಮ್ಮ?"

"ಯಾರೂ ಇಲ್ಲ. ನನಗೆ ಸಿಟ್ಟು ಬಂದಿದೆ."

ಅತ್ತೆ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದರು. "ಬರಲಿ, ಒಳ್ಳೇದೇ," ಎಂದರು. "ಹೇಗೂ ಬಂದಿದೆ, ನನ್ನ ಬಟ್ಟೆನೂ ಅಲ್ಲೇ ಇದೆ ನೋಡು."

ಕೊನೆಯ ಅಂಗಿಯ ಕಾಲರ್ ತಿಕ್ಕುವಾಗ ಅವಳಿಗೆ ಅರಿವಾಯಿತು, ಜೋಮು ಬಿಡುತ್ತಿದೆ. ಜೋಮು ಬಿಡುವಾಗ ಮೊದಲು ಚುಚ್ಚುತ್ತದೆ.

ಅಂದಿನಿಂದ ಕೆಲಸ ಎರಡು ಪಾಳಿಯಲ್ಲಿ ನಡೆಯಿತು. ಬೆಳಗ್ಗೆ ಹತ್ತಕ್ಕೆ ಹೊಲಿಗೆ ಕೋಣೆ: ಇವತ್ತಿನ ಅಧ್ಯಾಯವನ್ನು ಅವಳು ಓದುತ್ತಾಳೆ, ಇಂಥ ಕಡೆ ಮೂರನೇ ಕೋಣೆಯಾಕೆ ಏನಂದಾಳು ಎಂದು ದರ್ಜಿ ಹೇಳುತ್ತಾಳೆ. ಹನ್ನೊಂದಕ್ಕೆ ಉದ್ದ ಕೋಣೆ. ಅವಳು ಒಂದೇ ಒಂದು ನಿಯಮ ಹಾಕಿಕೊಂಡಳು. ಲೇಖಕನ ಮಾತನ್ನು ಒಂದಕ್ಷರ ಬದಲಿಸುವಂತಿಲ್ಲ, ಬಿಡುವಂತಿಲ್ಲ. ಸಂದಿನಲ್ಲಿ ಮಾತ್ರ ಸೇರಿಸಬಹುದು. ಅಣ್ಣತಮ್ಮಂದಿರು ಕಿರುಚಿ ಸುಸ್ತಾಗಿ ಸುಮ್ಮನಾದ ಕಡೆ ಬಾಗಿಲು ತೆರೆಯುತ್ತದೆ. "ನೀವು ಹೇಳಿದ್ದಕ್ಕೆಲ್ಲ ಆಧಾರ ಏನು?" ಎಂದು ಕೇಳಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೋಣೆಯಿಡೀ ನಗುತ್ತಿತ್ತು. ಮೊದಲ ಸಲ ಆ ನಗು ಕೇಳಿದಾಗ ಅವಳಿಗೆ ಅದು ತನ್ನ ಮೇಲಿನದೋ, ಗಂಡನಿಗೆ ಸೇರಬೇಕಾದದ್ದೋ ತಿಳಿಯಲಿಲ್ಲ. ಅವನೂ ಇದೇ ಕುರ್ಚಿಯಲ್ಲಿ ಕೂತು ಇದೇ ನಗುವನ್ನು ಕೇಳಿರಬೇಕು. ಮನೆಗೆ ಬರುವ ದಾರಿಯಲ್ಲಿ ನಾಳೆಗೇನು ಎಂದು ಅವಳನ್ನು ಕದ್ದು ನೋಡುವ ಯೋಚನೆ ಹಾಕಿರಬೇಕು.

ಕೆಲವು ದಿನ ದರ್ಜಿ ಕಥೆ ಬಿಟ್ಟು ಬೇರೆ ಹೇಳುತ್ತಿದ್ದಳು. ಆಕೆಗೆ ಇವತ್ತು ಸ್ವಲ್ಪ ನಿದ್ದೆ ಬಂತು. ಆಕೆ ಬೆಳಗ್ಗೆ ಎರಡು ತುತ್ತು ತಿಂದಳು. ಅವಳು ಅದನ್ನು ಡಾಕ್ಟರಮ್ಮನಿಗೆ ದಾಟಿಸುತ್ತಿದ್ದಳು. ಡಾಕ್ಟರಮ್ಮ ಒಂದು ದಿನ ಕನ್ನಡಕದ ಮೇಲಿಂದ ನೋಡಿ, "ಇದು ಯಾವ ಆಕೆಯ ವಿಷಯ, ದರ್ಜಿಯದ್ದೋ ನಿಮ್ಮದೋ?" ಎಂದರು. ಅಂದು ಮನೆಯಲ್ಲಿ ಅವಳು ಅತ್ತೆ ಬಡಿಸಿದ್ದನ್ನು ಪೂರ್ತಿ ತಿಂದಳು.

ಕೊನೆಯ ಅಧ್ಯಾಯವನ್ನು ಮೊದಲೇ ಓದಿದ್ದು ತಪ್ಪಾಯಿತು.

ವಸತಿಗೃಹಕ್ಕೆ ಬೆಂಕಿ ಬೀಳುತ್ತದೆ. ಮೇಲಿನ ಮಹಡಿಯಿಂದಲೇ. ಮೂವರು ಅಣ್ಣತಮ್ಮಂದಿರು, ಅಡುಗೆಯವನು, ಅವನ ಹೆಂಡತಿ, ಕೆಳಗಿನ ಕೋಣೆಯ ಇಬ್ಬರು ಅತಿಥಿಗಳು ಹೊರಗೆ ಓಡಿ ದಡದಲ್ಲಿ ನಿಲ್ಲುತ್ತಾರೆ. ಲೇಖಕ ಒಬ್ಬೊಬ್ಬರನ್ನಾಗಿ ಹೆಸರಿಸುತ್ತಾನೆ, ಎಲ್ಲರೂ ಉಳಿದರು ಎನ್ನುತ್ತಾನೆ, ಬೆಳಗಿನ ಹೊತ್ತಿಗೆ ಕಂಬಗಳಷ್ಟೇ ನಿಂತಿರುತ್ತವೆ. ಮೇಲೆ ಇನ್ನೊಬ್ಬಾಕೆ ಇದ್ದಾಳೆಂದು ಪಾಪ, ಅವನಿಗೇನು ಗೊತ್ತು.

ಗಂಡ ಇದನ್ನು ಓದಿದ್ದನೋ ಇಲ್ಲವೋ. ಓದಿಯೂ ಆಕೆಯನ್ನು ಅಲ್ಲಿ ಕೂರಿಸಿದ್ದರೆ ಏನಾದರೂ ಉಪಾಯ ಇಟ್ಟುಕೊಂಡಿರುತ್ತಿದ್ದ. ಅದನ್ನು ಹೇಳದೆ ಹೋದ.

"ಬೆಂಕಿ ಬಿಟ್ಟುಬಿಡಿ," ಎಂದರು ಡಾಕ್ಟರಮ್ಮ. "ಮನೆ ಮಾರಿದರು, ಮುಗೀತು ಅನ್ನಿ. ನಾಡಿದ್ದು ಅಣ್ಣ ಬರ್ತಿದಾರೆ. ಅವರ ಎದುರಿಗೇ ಆಕೆ ಸುಟ್ಟುಹೋದ್ರೆ ದರ್ಜಿ ಮತ್ತೆ ಬಾಯಿ ಬಿಡಲ್ಲ."

"ಬಿಡೋಕಾಗಲ್ಲ. ಅದು ಮೂಲ. ಒಂದು ಸಲ ಸುಳ್ಳು ಓದಿದರೆ ಇಷ್ಟು ದಿನ ಓದಿದ್ದೆಲ್ಲ ಸುಳ್ಳಾಗುತ್ತೆ."

"ಹಾಗಾದ್ರೆ ಹೊರಗೆ ತನ್ನಿ ಆಕೆನ."

ತರಲು ಕೂತಳು. ಕಿಟಕಿಯಿಂದ ಇಳಿಸಲು ನೋಡಿದಳು, ಆಗಲಿಲ್ಲ. ಯಾರಾದರೂ ಹೊತ್ತು ತರಲಿ ಎಂದರೆ ಅಣ್ಣತಮ್ಮಂದಿರ ಪೈಕಿ ಅಂಥವರು ಯಾರೂ ಇಲ್ಲ. ಅವಳು ಕಿತ್ತು ಹಾಕಲು ಕಲಿತವಳು, ಕಟ್ಟಲು ಕಲಿತವಳಲ್ಲ. ಹೊಲಿಗೆ ಕೋಣೆಗೆ ಆ ಎರಡು ದಿನ ಹೋಗಲಿಲ್ಲ. ಬೆಂಕಿಯ ವಿಷಯ ಹೇಳಲು ಬಾಯಿ ಬರಲಿಲ್ಲ.

ಕೊನೆಯ ದಿನ ಕೋಣೆ ತುಂಬಿತ್ತು. ದರ್ಜಿಯ ಪಕ್ಕದಲ್ಲಿ ಅವಳ ಅಣ್ಣ, ಪ್ರಯಾಣದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸೋತ ಮುಖ, ಒಳ್ಳೆಯ ಕಣ್ಣು.

"ರೈಟ್," ಎಂದರು ಕಂಡಕ್ಟರು.

ಓದಿದಳು. ಹೊಗೆ ಬಂತು. ಮೆಟ್ಟಿಲು ಹೊತ್ತಿಕೊಂಡಿತು. ಮಾಡು ಕುಸಿಯಿತು. ದಡದಲ್ಲಿ ನಿಂತವರನ್ನು ಒಬ್ಬೊಬ್ಬರನ್ನಾಗಿ ಓದಿದಳು. ಎಲ್ಲರೂ ಉಳಿದರು ಎಂಬಲ್ಲಿಗೆ ಬಂದಳು.

"ಹೋಲ್ಡಾನ್," ಎಂದರು ಕಂಡಕ್ಟರು, ಮೆಲ್ಲಗೆ. "ಮೂರನೇ ಕೋಣೆ?"

ಅವಳು ಪುಸ್ತಕವನ್ನು ಮಡಿಲಿಗೆ ಇಳಿಸಿದಳು. "ಗೊತ್ತಿಲ್ಲ," ಎಂದಳು. "ಎರಡು ದಿನ ನೋಡಿದೆ. ನನ್ನಿಂದ ಆಕೆನ ಹೊರಗೆ ತರೋಕೆ ಆಗಲಿಲ್ಲ."

ಡ್ರಾಯಿಂಗ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹಾಸಿಗೆ ಬಟ್ಟೆ ಕಟ್ಟಿಕೊಂಡು ಇಳಿದಳು."

"ಆಧಾರ ಏನು?" ಎಂದಳು ಅವಳು, ಯೋಚಿಸದೆ.

ಯಾರೋ ಕಿಸಕ್ಕನೆ ನಕ್ಕರು.

"ನದಿಗೆ ಹಾರಿದಳು," ಎಂದರು ಕಂಡಕ್ಟರು.

"ಕಿಟಕಿ ರಸ್ತೆ ಕಡೆಗಿದೆ ರೀ. ಹಾರಿದ್ರೆ ನಿಮ್ಮ ಬಸ್ಸಿನ ಮೇಲೆ ಬೀಳ್ತಾಳೆ," ಎಂದರು ಮೇಷ್ಟ್ರು.

"ಅವಳು ಒಳಗೆ ಇರಲೇ ಇಲ್ಲ."

ಹೇಳಿದ್ದು ದರ್ಜಿ. ಅವಳ ಅಣ್ಣ ತಂಗಿಯ ಕಡೆ ತಿರುಗಿದವರು ಹಾಗೇ ಉಳಿದರು.

"ಸಾಯಂಕಾಲ ದಡಕ್ಕೆ ಹೋಗಿದ್ದಳು. ವಾಪಸ್ ಬಂದಳು. ಕೊಡೆ ಬಿಟ್ಟು ಬಂದಿದ್ದು ನೆನಪಾಯ್ತು. ಮತ್ತೆ ಹೋದಳು. ಕೊಡೆ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿಬಿಟ್ಟಿತ್ತು. ದೋಣಿ ವಾಪಸ್ ಬರೋವರೆಗೂ ಅಲ್ಲೇ ಕೂತಳು. ಆಗ ಬೆಂಕಿ ಬಿತ್ತು."

"ಆಧಾರ?" ಎಂದರು ಕಂಡಕ್ಟರು. ತಮಾಷೆಗಲ್ಲ. ಅವರಿಗೆ ನಿಜವಾಗಿ ಬೇಕಾಗಿತ್ತು.

"ಪುಸ್ತಕದಲ್ಲೇ ಇದೆ," ಎಂದಳು ದರ್ಜಿ. "ದಡದಲ್ಲಿ ಅಷ್ಟು ಜನ ನಿಂತಿದಾರೆ. ಒಬ್ಬರೂ ಅವಳನ್ನ ಕೂಗಲಿಲ್ಲ. ಮೇಲೆ ಇದ್ದಿದ್ರೆ ಕೂಗ್ತಿರಲಿಲ್ವಾ? ಹೋಗಿದಾಳೆ ಅಂತ ಅವರಿಗೆ ಗೊತ್ತಿತ್ತು."

ಎಲ್ಲರೂ ಗಂಡನ ಕುರ್ಚಿಯ ಕಡೆ, ಅದರಲ್ಲಿ ಕೂತಿದ್ದವಳ ಕಡೆ ನೋಡಿದರು. ಅವಳು ಪುಟವನ್ನು ಇನ್ನೊಮ್ಮೆ ಓದಿಕೊಂಡಳು. ಯಾರೂ ಕೂಗಿರಲಿಲ್ಲ. ಇಂಥ ವಾದವನ್ನು ಅವಳ ಗುರುಗಳು ಕೂಡ ತಳ್ಳಿಹಾಕುವಂತಿರಲಿಲ್ಲ.

"ಪಾಠ ಒಪ್ಪಿದೆ," ಎಂದಳು. "ಹಾಗೇ ಇಟ್ಕೊಳ್ಳೋಣ."

ಮುಂದಿನ ವಾಕ್ಯ ಓದಲು ಬಾಯಿ ತೆರೆದಳು. ಬಂದದ್ದು ವಾಕ್ಯವಲ್ಲ. ಮೊದಲು ಅವಳಿಗೇ ಅದು ಏನೆಂದು ತಿಳಿಯಲಿಲ್ಲ. ಕೆನ್ನೆ ಒದ್ದೆಯಾಗಿ, ಮೂಗು ಕಟ್ಟಿ, ಅಕ್ಷರಗಳು ಕಲಸಿಹೋದ ಮೇಲೆ ತಿಳಿಯಿತು.

"ಹೋಲ್ಡಾನ್," ಎಂದರು ಕಂಡಕ್ಟರು ಎಲ್ಲರಿಗೂ. "ಯಾರೂ ಇಳಿಯಬೇಡಿ. ಗಾಡಿ ಇಲ್ಲೇ ನಿಲ್ಲುತ್ತೆ."

ಗಾಡಿ ಸಾಕಷ್ಟು ಹೊತ್ತು ನಿಂತಿತು. ಡ್ರಾಯಿಂಗ್ ಮೇಷ್ಟ್ರು ಕೈವಸ್ತ್ರ ಕೊಟ್ಟರು. ಅದಕ್ಕೆ ಇಸ್ತ್ರಿ ಆಗಿಲ್ಲವೆಂದು ಕ್ಷಮೆ ಕೇಳಿದರು. ಅವಳು ಅಳುತ್ತಲೇ ನಕ್ಕಳು. ಆಮೇಲೆ "ರೈಟ್" ಬಂತು, ಉಳಿದ ಪುಟ ಮುಗಿಯಿತು.

ಎಲ್ಲರೂ ಎದ್ದ ಮೇಲೂ ಅಣ್ಣ ಚೀಲ ಹಿಡಿದು ಕೂತೇ ಇದ್ದರು. ದೊಡ್ಡ ಆಸ್ಪತ್ರೆಯ ಮಾತೆತ್ತಲಿಲ್ಲ. "ಆ ದೋಣಿ ಬಂತಲ್ಲ," ಎಂದು ತಂಗಿಯನ್ನು ಕೇಳಿದರು. "ಆಕೆ ಹತ್ತಿ ಎಲ್ಲಿಗೆ ಹೋದಳು?"

"ಇನ್ನೂ ಯೋಚನೆ ಮಾಡಿಲ್ಲ ಅಣ್ಣ."

"ಯೋಚನೆ ಮಾಡು. ಮುಂದಿನ ತಿಂಗಳು ಬಂದಾಗ ಕೇಳ್ತೀನಿ," ಎಂದು ಎದ್ದರು.

ಸಂಜೆ ಅವಳು ಪುಸ್ತಕವನ್ನು ಒರೆಸಿ, ಮಾತ್ರೆಯ ಹಾಳೆಯನ್ನು ತೆಗೆದು ತನ್ನ ಬಳಿ ಇಟ್ಟುಕೊಂಡು, ಮೇಲಿನ ಮನೆಗೆ ಹೋದಳು. ನ್ಯಾಯಾಧೀಶರು ರಟ್ಟನ್ನು ನೋಡಿದರು, ಬೆನ್ನನ್ನು ನೋಡಿದರು, ಬೆಳಕಿಗೆ ಹಿಡಿದು ಹಾಳೆಗಳ ಅಂಚು ನೋಡಿದರು.

"ಪೂರ್ತಿ ಓದಿದ್ರಾ?"

"ಓದಿದೆವು."

"ಕೊನೆ ಹೇಗಿದೆ?"

"ಚೆನ್ನಾಗಿದೆ. ಬೆಂಕಿ ಬಿದ್ದಾಗ ಮೂರನೇ ಕೋಣೆಯಲ್ಲಿ ಯಾರೂ ಇರಲಿಲ್ಲ."

ನ್ಯಾಯಾಧೀಶರು ಹುಬ್ಬು ಗಂಟಿಕ್ಕಿದರು. "ಮೂರನೇ ಕೋಣೆಯಲ್ಲಿ ಯಾರೂ ಇರಲಿಲ್ಲವಲ್ಲ ತಾಯಿ."

"ಹೌದು," ಎಂದು ಅವಳು ಮೆಟ್ಟಿಲ ಕಡೆ ತಿರುಗಿದಳು. "ನಮಗೂ ಅದೇ ಸಮಾಧಾನ."